ಕೂತುಹೋದ ಹಿಂಬದಿ ಸ್ಪ್ರಿಂಗ್‌ಗೆ ಮೂರು ಮದ್ದು: ರಬ್ಬರ್, ಕುಲುಮೆ, ಹೊಸ ಜೋಡಿ

ನಮ್ಮ ಮನೆಯ ಮಾರುತಿ ಬಲೆನೊ ಆಲ್ಟುರಾ (ಹಳೆಯ ಬಲೆನೊ ಸೆಡಾನಿನ ಸ್ಟೇಷನ್ ವ್ಯಾಗನ್ ರೂಪ) 2,10,000 ಕಿ.ಮೀ. ದಾಟಿದ ಮೇಲೆ, ಹಿಂದೆ ಮೂವರು ಕುಳಿತು ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಸಾಕು, ಹಿಂಭಾಗ ಕೂತುಬಿಡುತ್ತಿತ್ತು. ಹಂಪ್ ಬಂದಾಗಲೆಲ್ಲ ಅಡಿಯಿಂದ ಧಡ್ ಎಂಬ ಸದ್ದು. ರಾತ್ರಿಯಾದರೆ ಮೇಲೆದ್ದ ಹೆಡ್‌ಲೈಟಿಗೆ ಎದುರಿನವರ ಬೈಗುಳ. ಎರಡು ವರ್ಷಗಳಲ್ಲಿ ಇದಕ್ಕೆ ಮೂರು ಬಗೆಯ ಪರಿಹಾರಗಳನ್ನು ಮಾಡಿಸಿ ನೋಡಿದ್ದೇನೆ.

ಮೊದಲು ತಪಾಸಣೆ. ಸಮತಟ್ಟಾದ ನೆಲದಲ್ಲಿ, ಗಾಳಿ ಸರಿಯಾಗಿ ತುಂಬಿಸಿದ ಖಾಲಿ ಕಾರಿನ ಚಕ್ರದ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಟೇಪು ಹಿಡಿದಾಗ ಬಲಭಾಗ ಎಡಕ್ಕಿಂತ 12 ಮಿ.ಮೀ. ತಗ್ಗಿತ್ತು. ಶಾಕ್ ಅಬ್ಸಾರ್ಬರ್‌ಗಳಲ್ಲಿ ಎಣ್ಣೆಯ ಜಿನುಗಿರಲಿಲ್ಲ. ಮೂಲೆಯನ್ನು ಒತ್ತಿ ಬಿಟ್ಟರೆ ಕಾರು ಒಮ್ಮೆ ಎದ್ದು ನಿಲ್ಲುತ್ತಿತ್ತು. ಅಂದರೆ ಶಾಕ್ ಅಬ್ಸಾರ್ಬರ್‌ಗಳು ಚೆನ್ನಾಗಿದ್ದವು, ದೋಷ ಸ್ಪ್ರಿಂಗ್‌ನದೇ ಎಂದು ತೀರ್ಮಾನಿಸಿದೆ.

ಸುರುಳಿಗಳ ನಡುವೆ ಸಿಕ್ಕಿಸುವ ರಬ್ಬರ್ ಎಲ್ಲಕ್ಕಿಂತ ಅಗ್ಗ, ಸ್ಪ್ರಿಂಗ್ ಬಿಚ್ಚಬೇಕಾಗಿಯೂ ಇಲ್ಲ. ತುಂಬು ಭಾರದೊಡನೆ ಮೈಸೂರಿನಿಂದ ಮಡಿಕೇರಿಗೆ ಹೋದಾಗ ಧಡ್ ಸದ್ದು ನಿಂತಿತು. ಆದರೆ ಒಬ್ಬನೇ ಓಡಿಸುವಾಗ ಪ್ರತಿಯೊಂದು ಗುಂಡಿಯೂ ಬೆನ್ನಿಗೆ ತಾಗುತ್ತಿತ್ತು. ಮಳೆಗಾಲ ಮುಗಿದು ಬಿಚ್ಚಿದಾಗ ರಬ್ಬರ್ ಹಿಡಿದಿದ್ದ ಜಾಗದಲ್ಲಿ ಕೆಸರು ಕಟ್ಟಿ, ಬಣ್ಣ ಸವೆದು, ತುಕ್ಕು ಶುರುವಾಗಿತ್ತು.

ಎರಡನೆಯದು, ಹಳೆಯ ಸ್ಪ್ರಿಂಗ್‌ಗಳನ್ನೇ ಕುಲುಮೆಯಲ್ಲಿ ಕಾಯಿಸಿ, ಎಳೆದು, ಮತ್ತೆ ಹದ ಹಾಕಿಸುವುದು. ಎತ್ತರವೇನೋ ಮರಳಿತು, ನಾಲ್ಕು ತಿಂಗಳ ಬಳಿಕ ಅಳೆದರೆ ಬಲಬದಿ ಪುನಃ 9 ಮಿ.ಮೀ. ಇಳಿದಿತ್ತು. ಸ್ಪ್ರಿಂಗ್ ಉಕ್ಕನ್ನು ಗಡುಸು ಮಾಡಿದ ಮೇಲೆ ನಿಗದಿತ ಉಷ್ಣತೆಯಲ್ಲಿ ಇನ್ನೊಮ್ಮೆ ಕಾಯಿಸಿ ಹದಗೊಳಿಸಬೇಕು. ಕೆಂಪು ಬಣ್ಣ ನೋಡಿ ಅಂದಾಜು ಮಾಡುವ ಕುಲುಮೆಯಲ್ಲಿ ಅದು ಮೆತ್ತಗಾದರೆ ಕೂರುತ್ತದೆ, ಅತಿಯಾಗಿ ಗಡುಸಾದರೆ ಮುರಿಯುತ್ತದೆ. ಬಿಚ್ಚಿ ಜೋಡಿಸುವ ಕೂಲಿಯನ್ನು ಎರಡು ಸಲ ತೆತ್ತದ್ದೇ ಬಂತು.

ಹೊಸ ಜೋಡಿಯ ಬೆಲೆ ಮೊದಲಿನ ಎರಡೂ ಖರ್ಚುಗಳ ಮೊತ್ತಕ್ಕಿಂತ ಹೆಚ್ಚು. ಆಲ್ಟುರಾ ತಯಾರಿಕೆ ನಿಂತು ಬಹಳ ವರ್ಷಗಳಾಗಿರುವುದರಿಂದ ಹುಡುಕಾಟವೂ ಸುಲಭವಲ್ಲ. ಸೆಡಾನಿನ ಸ್ಪ್ರಿಂಗ್ ಹೊಂದುತ್ತದೆ ಎಂದು ಅಂಗಡಿಯವರು ಹೇಳಿದರೂ ಪಾರ್ಟ್ ನಂಬರ್ ತಾಳೆಯಾಗುವವರೆಗೆ ನಾನು ಒಪ್ಪಲಿಲ್ಲ. ಹೇಗೂ ಬಿಚ್ಚಿದ್ದಾಗಿದೆಯೆಂದು ಬಂಪ್ ಸ್ಟಾಪ್ (ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಪೆಟ್ಟು ತಡೆಯುವ ತುಂಡು) ಮತ್ತು ಮೇಲ್ತುದಿಯನ್ನು ಕಾರಿನ ಮೈಗೆ ಸೇರಿಸುವ ಮೌಂಟ್‌ಗಳನ್ನೂ ಬದಲಿಸಿ, ಕೊನೆಗೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದೆ. ಖಾಲಿ ಓಡಿಸಿದರೂ ಮೆದು, ಭಾರ ಹೇರಿದರೂ ಕಾರು ನೆಟ್ಟಗೆ. ಹಿಂಭಾಗ ತಗ್ಗಿದಾಗ ಚಕ್ರದ ಮೇಲ್ತುದಿ ಒಳಕ್ಕೆ ವಾಲಿ ಟೈರಿನ ಒಳ ಅಂಚು ಸವೆಯುತ್ತಿದ್ದದ್ದೂ ನಿಂತಿತು.

ಮೂರನ್ನೂ ನೋಡಿದ ಮೇಲೆ ಅರ್ಥವಾದದ್ದಿಷ್ಟು: ಸ್ಪ್ರಿಂಗ್‌ನ ಬಿಗುವು (ಇಂತಿಷ್ಟು ಕುಗ್ಗಿಸಲು ಬೇಕಾಗುವ ಭಾರ) ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಸಂಖ್ಯೆಯನ್ನು ಅವಲಂಬಿಸಿದೆ; ಕೂತ ಸ್ಪ್ರಿಂಗ್ ಕಳೆದುಕೊಳ್ಳುವುದು ಎತ್ತರವನ್ನೇ ಹೊರತು ಬಿಗುವನ್ನಲ್ಲ. ರಬ್ಬರ್ ಮಾತ್ರ ಬಿಗುವನ್ನು ಹೆಚ್ಚಿಸುತ್ತದೆ. ದಿನವೂ ಭಾರ ಹೇರುವವರಿಗೆ ಅದು ಸಾಕಾದೀತು. ವಾರವಿಡೀ ಖಾಲಿ ಓಡಿಸಿ ತಿಂಗಳಿಗೊಮ್ಮೆ ತುಂಬುವ ನನ್ನಂಥವರಿಗೆ ಹೊಸ ಜೋಡಿಯೇ ಸರಿ. ಕುಲುಮೆಯ ಕೆಲಸವನ್ನು ಮಾತ್ರ ಯಾರಿಗೂ ಹೇಳಲಾರೆ.