ಒಂಟೆತ್ತು, ಜೋಡೆತ್ತು ಮತ್ತು ಲ್ಯಾಪ್‌ಟಾಪಿನ ರ‍್ಯಾಮ್

ಪುಸ್ತಕಗಳ ಪುಟ ವಿನ್ಯಾಸ ನನ್ನ ಕಸುಬು. ಹಾಗಾಗಿ ‘ರ‍್ಯಾಮ್’ (ಓಡುತ್ತಿರುವ ಕೆಲಸವನ್ನು ಯಂತ್ರ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ) ನನ್ನನ್ನು ಎರಡು ಬಗೆಯಲ್ಲಿ ಕಾಡಿದೆ. ಕೆಲವು ಕಡೆ ಆ ಪದದ ರ-ಕಾರ ಅರ್ಕಾವತ್ತಾಗಿ ಹಾರಿ ಹಿಂದಕ್ಕೆ ಕೂರುತ್ತದೆ, ಅದು ಒಂದು. ಇನ್ನೊಂದು, ನನ್ನ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪಿನಲ್ಲಿ ಇದ್ದದ್ದೇ 8 ಜಿಬಿ. ಆರುನೂರು ಪುಟದ ಕಡತ, ಜೊತೆಗೆ ಫೋಟೊಶಾಪ್, ಲೇಖಕರ ತಿದ್ದುಪಡಿಗಳಿಗೆಂದು ತೆರೆದ ಬ್ರೌಸರ್. ಇಷ್ಟಾದರೆ ಟಾಸ್ಕ್ ಮ್ಯಾನೇಜರ್ 7.6 ಜಿಬಿ ತೋರಿಸಿ ಉಸಿರು ಬಿಡುತ್ತಿತ್ತು.

ಯಂತ್ರದಲ್ಲಿ ಎರಡು ಸ್ಲಾಟ್‌ಗಳಿವೆ, ಒಂದು ಖಾಲಿ ಇತ್ತು. ಬೇಕಾದದ್ದು ಡಿಡಿಆರ್4 ಎಂಬ ಪೀಳಿಗೆಯದು, ಲ್ಯಾಪ್‌ಟಾಪಿನ ಗಿಡ್ಡ ಸ್ಟಿಕ್, 260 ಪಿನ್, 1.2 ವೋಲ್ಟ್. ಡಿಡಿಆರ್3ಕ್ಕೆ 204 ಪಿನ್, ಡಿಡಿಆರ್5ಕ್ಕೆ 262. ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ಅಲ್ಲಿ ತಪ್ಪುವ ಭಯವಿಲ್ಲ. ತಪ್ಪುವುದು ವೇಗದ ಲೆಕ್ಕದಲ್ಲಿ.

ಮೊದಲು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಿಂದ ಹೊಳೆಯುವ ಕವಚದ 8 ಜಿಬಿ ಗೇಮಿಂಗ್ ಸ್ಟಿಕ್ ತಂದೆ. ಪೊಟ್ಟಣದ ಮೇಲೆ ದೊಡ್ಡದಾಗಿ 3200 ಎಂದಿತ್ತು. ‘ಹೆಚ್ಚಿನದು ತೊಗೊಳ್ಳಿ ಸಾರ್, ತಾನಾಗಿ ಇಳಿಯುತ್ತದೆ’ ಎಂದರು ಅಂಗಡಿಯವರು. ಇಳಿಯಿತು ನಿಜ, ಬೇಕಾದದ್ದಕ್ಕಿಂತಲೂ ಕೆಳಕ್ಕೆ. ಯಂತ್ರದ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶ ತೆರೆದರೆ 1066 ಎಂದು ಕಂಡು ಎದೆ ಧಸಕ್ಕೆಂದಿತು. ಅದು ಅರ್ಧದ ಲೆಕ್ಕ. ಡಿಡಿಆರ್ ಒಂದು ಮಿಡಿತಕ್ಕೆ ಎರಡು ಸಲ ದತ್ತಾಂಶ ಸಾಗಿಸುವುದರಿಂದ ಅದನ್ನು 2133 ಎಂದು ಓದಬೇಕು. ಆದರೂ ನನ್ನ ಯಂತ್ರದ ಮಿತಿ 2400. ಆ ಸ್ಟಿಕ್ಕಿನ 3200 ಇದ್ದದ್ದು 1.35 ವೋಲ್ಟ್ ಬೇಡುವ, ಹೆಚ್ಚಿನ ವೇಗಕ್ಕೆಂದೇ ಸ್ಟಿಕ್ಕಿನಲ್ಲಿ ಬರೆದಿಟ್ಟ ಎಕ್ಸ್‌ಎಂಪಿ ಪಟ್ಟಿಯಲ್ಲಿ ಮಾತ್ರ. ಟಿ480 ಅದನ್ನು ಓದುವುದೇ ಇಲ್ಲ. ಸಾಮಾನ್ಯ ಪಟ್ಟಿಯಲ್ಲಿ ಇದ್ದದ್ದು 2133. ಜೋಡಿಯಲ್ಲಿ ನಿಧಾನದ ಎತ್ತಿನ ನಡೆಯೇ ಗಾಡಿಯ ನಡೆಯಲ್ಲವೇ, ನನ್ನ ಹಳೆಯ ಸ್ಟಿಕ್ ಕೂಡ 2133ಕ್ಕೆ ಇಳಿಯಿತು.

ಸಿಟ್ಟಿನಲ್ಲಿ ಎರಡನ್ನೂ ಕಿತ್ತು, ಕವಚವಿಲ್ಲದ ಸಾದಾ 16 ಜಿಬಿಯ ಒಂದೇ ಸ್ಟಿಕ್ ಹಾಕಿದೆ. ಇದೂ 3200ರದ್ದೇ. ಆದರೆ ಇದರ 3200 ಸಾಮಾನ್ಯ ಪಟ್ಟಿಯಲ್ಲೇ ಇತ್ತು, ವೋಲ್ಟೇಜ್ 1.2. ತಕರಾರಿಲ್ಲದೆ 2400ಕ್ಕೆ ಬಂದು ನಿಂತಿತು. ಗೆದ್ದೆ ಎಂದುಕೊಂಡೆ.

ಗೆದ್ದಿರಲಿಲ್ಲ. ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಹಿಂದಿನ ಜೋಡಿಗೂ ಈ ಒಂಟಿಗೂ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಬೇಕಾದದ್ದು ಜಾಗ, ಎರಡರಲ್ಲೂ 16 ಜಿಬಿ ಇತ್ತು. ಆದರೆ ಹೊರಗಿನ 4ಕೆ ಪರದೆ ಜೋಡಿಸಿ ಮುಖಪುಟದ ಚಿತ್ರವನ್ನು ಹಿಗ್ಗಿಸಿ ಎಳೆದಾಡಿದಾಗ ಒಂಟಿ ಸ್ಟಿಕ್ ಮುಗ್ಗರಿಸಿತು. ಈ ಯಂತ್ರಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರ್‌ನೊಳಗಿನ ಯುಎಚ್‌ಡಿ 620 ಇದೇ ರ‍್ಯಾಮಿನಿಂದ ಎರವಲು ಪಡೆದು ಬದುಕುತ್ತದೆ. ಒಂದೇ ಸ್ಟಿಕ್ 2400ರಲ್ಲಿ ಓಡಿದರೆ ಕಾಗದದ ಲೆಕ್ಕದಲ್ಲಿ ಸೆಕೆಂಡಿಗೆ 19.2 ಜಿಬಿ ಸಾಗಣೆ. ನಾನು ಬೈದು ಕಿತ್ತಿದ್ದ ಆ ನಿಧಾನದ ಜೋಡಿ ಎರಡು ದಾರಿಯಲ್ಲಿ ಒಟ್ಟಿಗೆ ಸಾಗಿಸುವುದರಿಂದ ಅದಕ್ಕೆ 34 ಜಿಬಿ! ಒಂಟೆತ್ತು ಎಷ್ಟೇ ಚುರುಕಾಗಿರಲಿ, ಗಾಡಿ ಜೋಡೆತ್ತಿನದು.

ಮೂರನೆಯ ಪ್ರಯೋಗ ಅಡ್ಡದಾರಿಯದು: ಹಳೆಯ 8, ಹೊಸ 16, ಎರಡನ್ನೂ ಒಟ್ಟಿಗೆ ಹಾಕುವುದು. ಅಳತೆ ಬೇರೆಯಾದರೆ ಕೆಲಸ ಮಾಡುವುದಿಲ್ಲ ಎಂದು ಹಲವರು ಹೆದರಿಸಿದ್ದರು. ಮಾಡುತ್ತದೆ. ಮೊದಲ 16 ಜಿಬಿ ಜೋಡಿಯಾಗಿ ಓಡುತ್ತದೆ, ಉಳಿದ 8 ಒಂಟಿಯಾಗಿ. ವೇಗ 2400. ಪರದೆಯ ಮುಗ್ಗರಿಕೆ ನಿಂತಿತು, ಬ್ರೌಸರ್ ಮುಚ್ಚುವ ಕಷ್ಟವೂ ತಪ್ಪಿತು. ತಲಾ 8ರ ಹೊಸ ಜೋಡಿ ಕೊಳ್ಳುವುದಕ್ಕಿಂತ ನನ್ನ ಕೆಲಸಕ್ಕೆ ಇದೇ ಲೇಸು. ಕೈಯಲ್ಲಿದ್ದ ಸ್ಟಿಕ್ ಮೂಲೆಗೆ ಬೀಳುವುದಿಲ್ಲ. ಆದರೆ ಹೀಗೆ ಬೆರೆಸಿದರೆ ಮೆಮೊರಿಯ ದೋಷ ಹುಡುಕುವ ಮೆಮ್‌ಟೆಸ್ಟ್86 ಅನ್ನು ಒಂದು ರಾತ್ರಿ ಓಡಿಸಲೇಬೇಕು. ನಾನು ಓಡಿಸಿದೆ, ಬೆಳಿಗ್ಗೆ ದೋಷ ಸೊನ್ನೆ.

ಹೊಸ ಜೋಡಿಯನ್ನೇ ಕೊಳ್ಳುವವರು ಚೀಟಿಯ ಸಣ್ಣ ಅಕ್ಷರ ನೋಡಲಿ. 8 ಜಿಬಿ ಸ್ಟಿಕ್ಕಿನಲ್ಲಿ ‘1ಆರ್‌ಎಕ್ಸ್8’ ಎಂದಿದ್ದರೆ ಒಳ್ಳೆಯದು. ‘1ಆರ್‌ಎಕ್ಸ್16’ ಎಂದರೆ ನಾಲ್ಕೇ ಚಿಪ್‌ಗಳ ಅಗ್ಗದ ಕಟ್ಟಣೆ, ಸ್ವಲ್ಪ ಮಂದ. ಇನ್ನು ತೆಳ್ಳನೆಯ ಎಷ್ಟೋ ಹೊಸ ಯಂತ್ರಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅಲ್ಲಿ ಸ್ಲಾಟ್ ಹುಡುಕಿ ಫಲವಿಲ್ಲ.

ಮುಚ್ಚಳ ತೆಗೆಯುವ ಮುನ್ನ ಟಿ480ರವರು ಹೊರಗಿನ ಬ್ಯಾಟರಿ ಕಳಚಿದರೆ ಸಾಲದು. ಒಳಗೂ ಒಂದಿದೆ, ಅದನ್ನು ಯಂತ್ರ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪರದೆಯಾದ ಬಯೋಸ್‌ನ ಪವರ್ ವಿಭಾಗದಲ್ಲಿ ನಿಷ್ಕ್ರಿಯಗೊಳಿಸಬೇಕು. ಮೊದಲ ಸಲ ನಾನು ಇದನ್ನು ಮರೆತಿದ್ದೆ. ಸ್ಟಿಕ್ ಅರ್ಧ ಎಬ್ಬಿಸಿದಾಗ ನೆನಪಾಗಿ, ಉಸಿರು ಬಿಗಿಹಿಡಿದು ಕೈ ಹಿಂದಕ್ಕೆ ತೆಗೆದೆ.

ಹೊಳೆಯುವ ಸ್ಟಿಕ್ಕನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಮೇಜಿನ ಮೇಲೆ ಪ್ರೂಫ್ ಹಾಳೆಗಳು ಹಾರದಂತೆ ಇಡಲು ನೋಡಿದೆ. ಅದಕ್ಕೂ ತೂಕ ಸಾಲದು.