ಮದುವೆಗೆ ಹೋಗುವವರಿಗೆ ಬಟ್ಟೆ ಉಡುಗೊರೆ ಕೊಡುತ್ತೀರಾ? ಸೀಲ್ ಹಾಕಿದ ಪ್ಯಾಕಿಂಗ್ ಬೇಡವೆನ್ನಿ

ಮದುವೆಗೆ ಹೊರಟಿರುವ ಆಪ್ತರಿಗೆ ಕೊಡಲೆಂದು ಆನ್‌ಲೈನ್‌ನಲ್ಲಿ ಸಿದ್ಧ ಉಡುಪು ತರಿಸುವ ಯೋಚನೆಯಲ್ಲಿರುವವರು ಹಣ ಕಟ್ಟುವ ಮೊದಲು ದಯವಿಟ್ಟು ಇದನ್ನು ಓದಿ. ಅದರಲ್ಲೂ ‘ಗಿಫ್ಟ್ ಪ್ಯಾಕಿಂಗ್ ಬೇಕೇ?’ ಎಂದು ಕೇಳುವ ಚೌಕದಲ್ಲಿ ಗುರುತು ಹಾಕುವ ಮೊದಲು ಖಂಡಿತ ಓದಿ. ಕಳಪೆ ಬಟ್ಟೆ ಬಂದರೆ ವಾಪಸ್ ಕಳುಹಿಸಬಹುದು ಎಂಬ ಧೈರ್ಯ ನಮಗೆಲ್ಲ ಇರುತ್ತದಲ್ಲ, ಆ ಧೈರ್ಯವನ್ನೇ ಕಿತ್ತುಕೊಳ್ಳುವ ಉಪಾಯ ಆ ಪ್ಯಾಕಿಂಗ್‌ನಲ್ಲಿದೆ.

ನನ್ನ ಅಕ್ಕನ ಇಬ್ಬರು ಹೆಣ್ಣುಮಕ್ಕಳು ಬಂಧುಗಳೊಬ್ಬರ ಮದುವೆಗೆ ಹೊರಟಿದ್ದರು. ಒಂದು ದಿನ ಮೈಮೇಲಿದ್ದು ಆಮೇಲೆ ಬೀರುವಿನಲ್ಲೇ ಕೊಳೆಯುವ ಭಾರದ ಬಟ್ಟೆಗಿಂತ, ಮದುವೆಯಲ್ಲಿ ನಾಲ್ಕು ಜನರ ಕಣ್ಣಿಗೆ ಚೆನ್ನಾಗಿ ಕಾಣುವ, ಮುಂದೆ ಕಚೇರಿಯ ಸಮಾರಂಭಕ್ಕೋ ಗೆಳತಿಯರ ಕೂಟಕ್ಕೋ ಮತ್ತೆ ಹಾಕಿಕೊಳ್ಳಬಹುದಾದ ಉಡುಪನ್ನು ಕೊಡಬೇಕೆಂದು ನನಗೆ ಆಸೆಯಿತ್ತು. ಹಾಗೆ ಹುಡುಕುತ್ತಿರುವಾಗ ಸಿಕ್ಕಿದ್ದು ಈ ಸೆಟ್: ಒಂದೇ ಬಣ್ಣದ ಉದ್ದನೆಯ ರೇಷ್ಮೆಯ ಉಡುಪು, ಅದರ ಮೇಲೆ ಕಸೂತಿಯ ಗಿಡ್ಡ ಜಾಕೆಟ್, ಹೆಗಲ ಮೇಲೆ ಇಳಿಬಿಡಲು ತೆಳುವಾದ ಸ್ಟೋಲ್. ಮೂರನ್ನೂ ಕೂಡಿಸಿಯೂ ಬಿಡಿಬಿಡಿಯಾಗಿಯೂ ಧರಿಸಬಹುದು, ಶುದ್ಧ ರೇಷ್ಮೆ, ಒಳಗೆ ಹತ್ತಿಯ ಲೈನಿಂಗ್, ಸಡಿಲಿಸಿಕೊಳ್ಳಲು ಬೇಕಾದಷ್ಟು ಮಾರ್ಜಿನ್ ಇದೆ ಎಂದೆಲ್ಲ ಚಿತ್ರದ ಕೆಳಗೆ ಸ್ಪಷ್ಟವಾಗಿ ಬರೆದಿದ್ದರು.

ನಾನು ವಿಚಾರಿಸದೆ ಕೊಂಡವಳಲ್ಲ. ನಿಜವಾದ ರೇಷ್ಮೆಯೇ ಎಂದು ಮಾರಾಟಗಾರರಿಗೆ ಸಂದೇಶ ಕಳುಹಿಸಿ ಕೇಳಿದೆ. “ನೂರಕ್ಕೆ ನೂರು ರೇಷ್ಮೆ ಮೇಡಂ, ಯಾವ ಗ್ರಾಹಕರೂ ಇದುವರೆಗೆ ದೂರಿಲ್ಲ” ಎಂದರು. ಎಷ್ಟು ಮೊಮ್ಮೆಯ ಬಟ್ಟೆ ಎಂದು ಕೇಳಿದೆ. ರೇಷ್ಮೆ ಬಟ್ಟೆಯ ತೂಕವನ್ನು ಮೊಮ್ಮೆಯಲ್ಲಿ ಹೇಳುತ್ತಾರೆ, ಒಂದು ಮೊಮ್ಮೆಯೆಂದರೆ ಚದರ ಮೀಟರಿಗೆ ಸುಮಾರು 4.34 ಗ್ರಾಂ. “ಪ್ರೀಮಿಯಂ ಕ್ವಾಲಿಟಿ ಮೇಡಂ” ಎಂಬ ಉತ್ತರ ಬಂತು. ಮತ್ತೆ ಕೇಳಿದೆ, ಮತ್ತೆ ಅದೇ ಉತ್ತರ, ಜೊತೆಗೆ ಕೈ ಮುಗಿಯುವ ಚಿಹ್ನೆ.

ಆಮೇಲೆ ಬಂದದ್ದು ಗಿಫ್ಟ್ ಪ್ಯಾಕಿಂಗ್‌ನ ಮಾತು. ಅದಕ್ಕೆ ಬೇರೆ ಹಣ, ಅದನ್ನೂ ಕೊಟ್ಟೆ. ಪೆಟ್ಟಿಗೆ ಸುಂದರವಾಗಿಯೇ ಇತ್ತು, ಅದರಲ್ಲಿ ಸುಳ್ಳಿಲ್ಲ. ರಿಬ್ಬನ್ನಿನ ಗಂಟಿನ ಮೇಲೆ ದುಂಡನೆಯ ಸೀಲ್ ಅಂಟಿಸಿದ್ದರು. ಪಾರ್ಸೆಲ್ ತಲುಪಿದ ಕೂಡಲೇ ಅವರದೇ ಸಂದೇಶ ಬಂತು: “ಸೀಲ್ ತೆಗೆಯಬೇಡಿ ಮೇಡಂ, ಹಾಗೆಯೇ ಕೊಡಿ, ಪಡೆದವರು ಬಿಚ್ಚುವಾಗ ಸಿಗುವ ಖುಷಿಯೇ ಬೇರೆ.” ಎಷ್ಟು ಕಾಳಜಿ ನೋಡಿ! ಈಗ ಆ ಸಂದೇಶವನ್ನು ಓದಿದಾಗಲೆಲ್ಲ ಮೈ ಉರಿಯುತ್ತದೆ.

ಮಕ್ಕಳು ಪೆಟ್ಟಿಗೆ ಬಿಚ್ಚಿದ್ದು ಮದುವೆಯ ಹಿಂದಿನ ಸಂಜೆ, ಮನೆಮಂದಿಯೆಲ್ಲ ಸುತ್ತ ಕುಳಿತಿರುವಾಗ. ಬಟ್ಟೆಯನ್ನು ಎತ್ತಿದ ಕೂಡಲೇ ಜಾಕೆಟ್ಟಿನ ಹರಳುಗಳು ಪಟಪಟನೆ ನೆಲಕ್ಕೆ ಉದುರಿದವು. ಕಸೂತಿಯೆಂದದ್ದು ಕಸೂತಿಯಲ್ಲ, ಅಂಟು ಹಚ್ಚಿ ಕೂರಿಸಿದ ಹರಳು. ಲೈನಿಂಗ್ ಎಂದದ್ದು ಎದೆಯವರೆಗೆ ಮಾತ್ರ, ಅಲ್ಲಿಂದ ಕೆಳಗೆ ಬೆಳಕಿಗೆ ಹಿಡಿದರೆ ಆಚೆಯವರ ಮುಖ ಕಾಣುತ್ತಿತ್ತು. ಬಿಡಿಬಿಡಿಯಾಗಿ ಧರಿಸಬಹುದೆಂದ ಸ್ಟೋಲನ್ನು ಜಾಕೆಟ್ಟಿನ ಹೆಗಲಿಗೇ ಸೇರಿಸಿ ಹೊಲಿದಿದ್ದರು. ಅಂದರೆ ಜಾಕೆಟ್ ಇಲ್ಲದೆ ಸ್ಟೋಲ್ ಇಲ್ಲ, ಸ್ಟೋಲ್ ಇಲ್ಲದೆ ಜಾಕೆಟ್ ಇಲ್ಲ, ನಾನು ಯಾವ ಗುಣಕ್ಕಾಗಿ ಅದನ್ನು ಆರಿಸಿದ್ದೆನೋ ಆ ಗುಣವೇ ಅದರಲ್ಲಿರಲಿಲ್ಲ. “ಚೆನ್ನಾಗಿದೆ ಚಿಕ್ಕಮ್ಮ” ಎಂದಳು ದೊಡ್ಡವಳು. ಚಿಕ್ಕವಳು ಏನೂ ಹೇಳದೆ ಹರಳುಗಳನ್ನು ಆರಿಸತೊಡಗಿದಳು.

ಒಳಗಿನ ಲೇಬಲ್ ನೋಡೋಣವೆಂದರೆ ಅದನ್ನು ಕತ್ತರಿಸಿ, ಹೊಲಿಗೆಯಲ್ಲಿ ಸಿಕ್ಕಿಕೊಂಡ ತುಣುಕನ್ನಷ್ಟೇ ಉಳಿಸಿದ್ದರು. ಅಕ್ಕ ಹೊಲಿಗೆಯ ಒಳಬದಿಯಿಂದ ಒಂದೆರಡು ಎಳೆ ಬಿಡಿಸಿ, ಚಿಮಟದಲ್ಲಿ ಹಿಡಿದು ಬೆಂಕಿ ತಾಗಿಸಿದಳು. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗಬೇಕಿತ್ತು. ಇದು ಕರಗಿ, ಮುದುಡಿ, ಗಟ್ಟಿಯಾದ ಕಪ್ಪು ಮಣಿಯಾಯಿತು. ಪಾಲಿಯೆಸ್ಟರ್. ಅಕ್ಕ ನನ್ನ ಮುಖ ನೋಡಿ, “ಎಷ್ಟು ಕೊಟ್ಟೆ ಅಂತ ನಾನು ಕೇಳೋದಿಲ್ಲ ಬಿಡು” ಎಂದಳು. ಅವಳು ಬೈದಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಪಾಲಿಯೆಸ್ಟರ್ ಎಂದರೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸುಲಭವಾಗಿ ಸುಕ್ಕಾಗುವುದಿಲ್ಲ, ಪ್ರಯಾಣಕ್ಕೆ ಒಳ್ಳೆಯದು, ಅದನ್ನು ಅದರ ಹೆಸರಿನಲ್ಲಿ, ಅದರ ಬೆಲೆಗೆ ಮಾರಿದ್ದರೆ ಬಹುಶಃ ನಾನೇ ಸಂತೋಷದಿಂದ ಕೊಳ್ಳುತ್ತಿದ್ದೆ. ಆದರೆ ಸ್ಯಾಟಿನ್ ನೇಯ್ಗೆಯಲ್ಲಿ ರೇಷ್ಮೆಯೂ ಹೊಳೆಯುತ್ತದೆ, ಪಾಲಿಯೆಸ್ಟರೂ ಹೊಳೆಯುತ್ತದೆ, ಚಿತ್ರ ನೋಡಿ ಯಾರೂ ವ್ಯತ್ಯಾಸ ಹೇಳಲಾರರು ಎಂಬುದು ಆ ಮಾರಾಟಗಾರರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ಅವರ ಉತ್ತರಗಳನ್ನು ಕೇಳಿ. ಮೊದಲನೆಯದು: “ಫೋನಿನ ಪರದೆಯಲ್ಲಿ ಬಣ್ಣ ಸ್ವಲ್ಪ ಬೇರೆ ಕಾಣುವುದು ಸಹಜ ಮೇಡಂ.” ನಾನು ಬಣ್ಣದ ಮಾತೇ ಎತ್ತಿರಲಿಲ್ಲ. ರೇಷ್ಮೆಯಲ್ಲವೆಂದು ಮತ್ತೆ ಬರೆದೆ. “ಸಿಲ್ಕ್ ಅಂದರೆ ಸಿಲ್ಕ್ ಫಿನಿಶ್, ಇದು ಎಲ್ಲರಿಗೂ ಗೊತ್ತಿರುವ ವಿಷಯ” ಎಂದರು. ವಾಪಸ್ ತೆಗೆದುಕೊಳ್ಳಿ ಎಂದರೆ, “ಸೀಲ್ ಒಡೆದ ಗಿಫ್ಟ್ ಪ್ಯಾಕಿಂಗ್‌ಗೆ ರಿಟರ್ನ್ ಇಲ್ಲ” ಎಂದರು. ಸೀಲ್ ಒಡೆಯದೆ ಒಳಗೇನಿದೆಯೆಂದು ನೋಡುವುದು ಹೇಗೆ ಎಂದು ಕೇಳಿದ್ದಕ್ಕೆ, “ತಲುಪಿದ ದಿನವೇ ಪರಿಶೀಲಿಸಬೇಕಿತ್ತು, ಈಗ ಗಡುವೂ ಮುಗಿದಿದೆ” ಎಂದು ಬರೆದರು. ಬಿಚ್ಚಬೇಡಿ ಎಂದವರೂ ಅವರೇ, ಬಿಚ್ಚಿ ನೋಡಬೇಕಿತ್ತು ಎಂದವರೂ ಅವರೇ! ಪಾರ್ಸೆಲ್ ಕೈಸೇರಿದ ದಿನದಿಂದ ಗಡುವು ಓಡುತ್ತದೆ, ಉಡುಗೊರೆ ಬಿಚ್ಚುವುದು ಅದು ಮುಗಿದ ಮೇಲೆ. ಈ ಲೆಕ್ಕ ಹಾಕಿಯೇ ಆ ಸೀಲ್ ಅಂಟಿಸುತ್ತಾರೆ ಎಂಬುದರಲ್ಲಿ ನನಗೆ ಈಗ ಅನುಮಾನವಿಲ್ಲ.

ಇವೆಲ್ಲಕ್ಕಿಂತ ಸಿಟ್ಟು ತರಿಸಿದ್ದು ಇನ್ನೊಂದು ಉತ್ತರ: “ಉಡುಗೊರೆ ಪಡೆದವರು ದೂರು ಕೊಟ್ಟಿಲ್ಲವಲ್ಲ ಮೇಡಂ, ನಿಮಗೇನು ತೊಂದರೆ?” ಉಡುಗೊರೆ ಪಡೆದವರು ಎಲ್ಲಿಯಾದರೂ ದೂರು ಕೊಡುತ್ತಾರೆಯೇ? ಕೊಟ್ಟವರ ಮನಸ್ಸು ನೋಯಬಾರದೆಂದು ಚೆನ್ನಾಗಿದೆ ಎನ್ನುತ್ತಾರೆ, ಮೂಲೆಯಲ್ಲಿ ಮಡಚಿಡುತ್ತಾರೆ. ಆ ಸಂಕೋಚವನ್ನೇ ಬಂಡವಾಳ ಮಾಡಿಕೊಂಡವರು ಇವರು. ಯಾರೂ ದೂರಿಲ್ಲ ಎಂದು ಮೊದಲೇ ಹೇಳಿದ್ದರಲ್ಲ, ಅದರ ಗುಟ್ಟು ಇದೇ ಇರಬೇಕು.

ತರಿಸಲೇಬೇಕಾದರೆ ಬಿಲ್ಲಿನಲ್ಲಿ ಯಾವ ನೂಲಿನ ಬಟ್ಟೆಯೆಂದು ಬರೆಸಿಕೊಳ್ಳಿ. ಉಡುಪನ್ನು ಒಳಮಗ್ಗುಲಾಗಿ ತಿರುಗಿಸಿ, ಲೇಬಲ್, ಲೈನಿಂಗ್ ಮತ್ತು ಮಾರ್ಜಿನ್ ಕಾಣುವಂತೆ ವಿಡಿಯೊ ಕಳುಹಿಸಲು ಹೇಳಿ, ತಪ್ಪಿಸಿಕೊಂಡರೆ ಅಲ್ಲಿಗೇ ಬಿಡಿ. ಬಿಡಿಬಿಡಿಯಾಗಿ ಧರಿಸಬಹುದು ಎಂದರೆ ಪ್ರತಿಯೊಂದರ ಚಿತ್ರವನ್ನು ಪ್ರತ್ಯೇಕವಾಗಿ ಕೇಳಿ. ಪ್ಯಾಕಿಂಗ್ ನೀವೇ ಮಾಡಿ, ಬಣ್ಣದ ಕಾಗದಕ್ಕೆ ಬರವಿಲ್ಲ. ಪಾರ್ಸೆಲ್ ಬಿಚ್ಚುವುದನ್ನೂ ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಿ, ಇಂಥವರ ಮುಂದೆ ಬಾಯಿಮಾತು ನಿಲ್ಲುವುದಿಲ್ಲ.

ಚಿತ್ರದ ಕೆಳಗಿದ್ದ ‘ಶುದ್ಧ ರೇಷ್ಮೆ’ ಎಂಬ ಬರಹ ನನ್ನ ದೂರಿನ ನಂತರ ಸದ್ದಿಲ್ಲದೆ ‘ರೇಷ್ಮೆಯ ಮೆರುಗು’ ಎಂದಾಗಿದೆ. ಹಳೆಯದರ ಸ್ಕ್ರೀನ್‌ಶಾಟ್ ನನ್ನ ಬಳಿ ಇದ್ದದ್ದರಿಂದ, ಅದನ್ನು ಸಂದೇಶಗಳ ಜೊತೆಗೆ ಸೇರಿಸಿ, ಹಣ ಕಟ್ಟಿದ ಕಾರ್ಡಿನ ಬ್ಯಾಂಕಿಗೆ ದೂರು ಕೊಟ್ಟಿದ್ದೇನೆ, ನಡೆದದ್ದನ್ನೆಲ್ಲ ರಿವ್ಯೂವಿನಲ್ಲೂ ಬರೆದಿದ್ದೇನೆ. ಅದು ತಿಳಿದ ಮೇಲೆ ಅವರಿಂದ ಬಂದ ಕೊನೆಯ ಸಂದೇಶ, “ರಿವ್ಯೂ ತೆಗೆದುಹಾಕಿ ಮೇಡಂ, ಅರ್ಧ ಹಣ ಹಿಂದಿರುಗಿಸುತ್ತೇವೆ” ಎಂಬುದು. ರಿವ್ಯೂ ತೆಗೆದಿಲ್ಲ, ತೆಗೆಯುವುದೂ ಇಲ್ಲ. ಆ ಸಂದೇಶದ ಸ್ಕ್ರೀನ್‌ಶಾಟನ್ನೂ ಬ್ಯಾಂಕಿಗೆ ಕಳುಹಿಸಿದ್ದೇನೆ.