ಹಳೇ ಫಿಲ್ಮ್ ಕ್ಯಾಮೆರಾ ಬೇಕು ಅಂದ್ರೆ ಯಾಶಿಕಾ ಮ್ಯಾಟ್ 124ಜಿ ತಗೊಳ್ಳೋದಾ, ಮಾಮಿಯಾ ಆರ್‌ಬಿ67 ತಗೊಳ್ಳೋದಾ?

ಎರಡಕ್ಕೂ ಹಾಕೋದು ಅದೇ 120 ಅನ್ನೋ ಫಿಲ್ಮ್ ರೋಲು, ಯಾಶಿಕಾದಲ್ಲಿ 6×6 ಸೆಂ.ಮೀ. ಚೌಕದ 12 ಫೋಟೋ ಬರ್ತವೆ, ಮಾಮಿಯಾದಲ್ಲಿ 6×7 ಅಳತೆದು 10. ಯಾಶಿಕಾ ಒಂದು ಕೆಜಿ ಚಿಲ್ಲರೆ, ಕುತ್ತಿಗೆಗೆ ಹಾಕ್ಕೊಂಡು ಯಾಣದ ಬಂಡೆ ತನಕ ಆರಾಮಾಗಿ ನಡೀಬಹುದು, ಮಾಮಿಯಾ ಲೆನ್ಸು, ಬ್ಯಾಕು (ಹಿಂದೆ ಫಿಲ್ಮ್ ಹಾಕೋ ಡಬ್ಬಿ) ಸೇರಿ ಎರಡೂವರೆ ಕೆಜಿ ದಾಟತ್ತೆ, ಟ್ರೈಪಾಡ್ ಬೇಕೇ ಬೇಕು ಅನ್ಕೊಳ್ಳಿ. ಆದ್ರೆ ಅದಕ್ಕೆ ಲೆನ್ಸ್ ಬದಲಾಯಿಸಬಹುದು, ಯಾಶಿಕಾಗೆ ಇರೋದು ಒಂದೇ 80 ಎಂಎಂ.

ನಮ್ ಕಾರವಾರ, ಕುಮಟಾ ಕಡೆ ನಿಜವಾದ ಶತ್ರು ಮಳೆಗಾಲ. ಸೆಕೆಂಡ್ ಹ್ಯಾಂಡ್ ಲೆನ್ಸಿಗೆ ಹಿಂದಿಂದ ಟಾರ್ಚ್ ಬಿಟ್ಟು ನೋಡಿ, ಜೇಡರ ಬಲೆ ಥರ ಎಳೆ ಕಂಡ್ರೆ ಅದು ಬೂಷ್ಟು, ಎಷ್ಟೇ ಕಮ್ಮಿ ರೇಟ್ ಹೇಳಿದ್ರೂ ಬಿಟ್ಬಿಡಿ. ಮಾಮಿಯಾದ ಲೆನ್ಸಿನ ಹಿಂದಿರೋ ಮಡಿಕೆ ಮಡಿಕೆ ಚೀಲ, ಅಂದ್ರೆ ಬೆಲ್ಲೋಸ್‌ನ ಕತ್ತಲೆ ಕೋಣೆಲಿ ಒಳಗಿಂದ ಟಾರ್ಚ್ ಹಾಕಿ ಮೂಲೆ ಮೂಲೆ ನೋಡಿ, ಸಣ್ಣ ತೂತಿದ್ರೂ ಫಿಲ್ಮಿಗೆ ಬೆಳಕು ಬೀಳತ್ತೆ. ಯಾಶಿಕಾದ ಬೆಳಕಿನ ಮೀಟರ್ ಪಾದರಸದ ಬ್ಯಾಟರಿ ಕಾಲದ್ದು, ಅದು ಸತ್ತಿದ್ರೂ ಚಿಂತೆ ಬೇಡ, ಶಟರ್ ಮೆಕ್ಯಾನಿಕಲ್, ಬೆಳಕು ಅಳೆಯೋಕೆ ಫೋನ್ ಆ್ಯಪ್ ಸಾಕು. ಎರಡರಲ್ಲೂ 1 ಸೆಕೆಂಡಿನ ಶಟರ್ ಒತ್ತಿ ಕೇಳಿ, ಅರ್ಧಕ್ಕೆ ನಿಂತ್ರೆ ಸರ್ವೀಸ್ ಖರ್ಚನ್ನ ರೇಟಲ್ಲಿ ಕಳೀರಿ.

ಬೀಚು, ಮೀನು ಮಾರ್ಕೆಟ್ಟು, ಶಿರಸಿ ಜಾತ್ರೆ ಅಂತ ತಿರುಗೋರಿಗೆ ನಾನಂತೂ ಯಾಶಿಕಾನೇ ಹೇಳ್ತೀನಿ, ಮನೇಲಿ ಕೂರಿಸಿ ಪೋರ್ಟ್ರೇಟ್ ತೆಗೆಯೋರಿಗೆ ಮಾಮಿಯಾ. ಯಾವ್ದೇ ತಗೊಂಡ್ರೂ ಚರ್ಮದ ಕೇಸಲ್ಲಿ ಇಡ್ಬೇಡಿ, ಗಟ್ಟಿ ಮುಚ್ಚಳದ ಡಬ್ಬಿಲಿ ತೇವ ಹೀರೋ ಸಿಲಿಕಾ ಜೆಲ್ ಹಾಕಿಡಿ.